'ಸೇವ್ ಲೈಸೆನ್ಸ್' ಅಂತ ದುಡ್ಡು ಕೇಳಿದರೆ ಕೊಡಬೇಡಿ

ಶಿರಸಿ ಕಡೆಯ ನಮ್ಮ ಅಡಿಕೆ ಬೆಳೆಗಾರರ ಸಂಘದಲ್ಲಿ ಕೊಳೆರೋಗದ ನಷ್ಟದ ಮಾಹಿತಿ ಸೇರಿಸುವುದಕ್ಕೆ ಒಂದು ಪಿಡಿಎಫ್ ಫಾರ್ಮು ಮಾಡಿಸಿದೆವು. ಮಾಡಿಕೊಟ್ಟವನು ಹುಬ್ಬಳ್ಳಿಯವನು, ಹೆಸರು ಬರೆಯುವುದಿಲ್ಲ. ಸದಸ್ಯರೆಲ್ಲ ಮನೆಯಲ್ಲೇ ತುಂಬಿ ಕಳಿಸಬಹುದು, ಎಷ್ಟು ಜನ ಬೇಕಾದರೂ ಆಗಲಿ ಅಂದಿದ್ದ. ಮುಂಗಡ ಕೊಟ್ಟೆವು.

ಹುಲೇಕಲ್ ಕಡೆಯ ಹಿರಿಯರೊಬ್ಬರು ಮೊಮ್ಮಗನನ್ನು ಕೂರಿಸಿಕೊಂಡು ತೋಟದ ಸರ್ವೆ ನಂಬರು, ಹಿಸ್ಸಾ, ಬೆಟ್ಟದ ಸರ್ವೆ ನಂಬರು, ಬಿದ್ದ ಕಾಯಿಯ ಅಂದಾಜು ಎಲ್ಲ ತುಂಬಿದರು. ಕರೆಂಟು ಹೋಯಿತು. ಬಂದ ಮೇಲೆ ಫೈಲು ತೆಗೆದರೆ ಒಂದಕ್ಷರ ಇಲ್ಲ, ಎಲ್ಲ ಖಾಲಿ. ಮೇಲುಗಡೆ ಇಂಗ್ಲಿಷಿನಲ್ಲಿ ಒಂದು ಪಟ್ಟಿ: ಇದರಲ್ಲಿ ತುಂಬಿದ್ದು ಉಳಿಯುವುದಿಲ್ಲ, ಬೇಕಿದ್ದರೆ ಪ್ರಿಂಟ್ ತೆಗೆದುಕೊಳ್ಳಿ ಅಂತ. ಅವರು ನನಗೆ ಫೋನ್ ಮಾಡಿ ಬೈಯಲಿಲ್ಲ. "ಮತ್ತೊಮ್ಮೆ ತುಂಬಬೇಕಾ?" ಅಂತ ಕೇಳಿದರು, ಅಷ್ಟೇ. ತಲೆ ಎತ್ತಲಾಗಲಿಲ್ಲ ನನಗೆ.

ಫಾರ್ಮು ಮಾಡಿಕೊಟ್ಟವನಿಗೆ ಫೋನ್ ಮಾಡಿದರೆ, "ಅದು ಅಡೋಬಿ ರೂಲ್ ರೀ ಸರ್. ಫ್ರೀ ರೀಡರ್‌ನ್ಯಾಗ ಸೇವ್ ಆಗೂದಿಲ್ಲ. ಸೇವ್ ಲೈಸೆನ್ಸ್ ಬ್ಯಾರೆ ತಗೋಬೇಕು." (ಅಡೋಬಿ ಅಂದರೆ ಪಿಡಿಎಫ್ ಸಾಫ್ಟ್‌ವೇರ್ ಮಾಡುವ ಕಂಪನಿ, ರೀಡರ್ ಅಂದರೆ ಪಿಡಿಎಫ್ ತೆರೆಯುವುದಕ್ಕೆ ಅದು ಕೊಡುವ ಪುಕ್ಕಟೆ ಸಾಫ್ಟ್‌ವೇರು.) ಮೊದಲೇ ಯಾಕೆ ಹೇಳಲಿಲ್ಲ ಅಂದರೆ, "ನೀವು ಕೇಳಲಿಲ್ಲಲ್ರೀ."

ನೀವು ಕೇಳಲಿಲ್ಲ! ತುಂಬಿದ್ದು ಉಳಿಯುತ್ತದೋ ಇಲ್ಲವೋ ಅಂತ ಯಾರಾದರೂ ಕೇಳುತ್ತಾರಾ?

ಮಳೆಗಾಲ ಮುಗಿಯುತ್ತ ಬಂದಿತ್ತು, ಕೊಟ್ಟೆವು ಮತ್ತೆ ದುಡ್ಡು. ಹೊಸ ಫೈಲು ಕಳಿಸಿದ, ಅದು ಉಳಿಯಿತು. ನಮ್ಮ ಹುಡುಗ ಬೇರೆ ಸಾಫ್ಟ್‌ವೇರಿನಲ್ಲಿ ಸಂಘದ ಫೋನ್ ನಂಬರು ತಿದ್ದಿದ, ಮತ್ತೆ ಸೇವ್ ಆಗುವುದು ನಿಂತಿತು. ಅದಕ್ಕೂ ಚಾರ್ಜು. ಕೊನೆಗೆ ಫಾರ್ಮುಗಳು ಬರತೊಡಗಿದ ಮೇಲೆ ಹೇಳುತ್ತಾನೆ, "ನಿಮ್ದು 500ರ ಲೈಸೆನ್ಸ್ ಸರ್. ಅದಕ್ಕಿಂತ ಜಾಸ್ತಿ ಡೇಟಾ ತಗೊಳ್ಳಂಗಿಲ್ಲ." ಎಷ್ಟು ಜನ ಬೇಕಾದರೂ ಆಗಲಿ ಅಂದವನು ಇವನೇ! ನೆನಪಿಸಿದರೆ, "ಕಳಸೂದು ಎಷ್ಟಕ್ಕರೆ ಕಳಸ್ರಿ, ವಾಪಸ್ ತಗೋಳೂದು 500."

ಆಮೇಲೆ ಬೆಂಗಳೂರಿನಲ್ಲಿರುವ ನಮ್ಮ ಊರಿನ ಹುಡುಗನೊಬ್ಬ ಫೈಲು ನೋಡಿ ಬಿಡಿಸಿ ಹೇಳಿದ. 500ರ ಮಾತು ಸುಳ್ಳಲ್ಲ. ಫ್ರೀ ರೀಡರಿನಲ್ಲಿ ಉಳಿಯಲಿ ಅಂತ ಅಕ್ರೋಬ್ಯಾಟ್ ಎಂಬ ಅಡೋಬಿಯ ದುಡ್ಡಿನ ಸಾಫ್ಟ್‌ವೇರಿನಲ್ಲಿ ವಿಶೇಷ ಹಕ್ಕು ಹಾಕಿಕೊಟ್ಟ ಫಾರ್ಮುಗಳಿಗೆ ಲೈಸೆನ್ಸಿನಲ್ಲೇ ಹಾಗೆ ಇತ್ತು: ಒಂದೋ 500 ಜನರಿಗೆ ಮಾತ್ರ ಕಳಿಸಿ, ಇಲ್ಲವೇ ಎಲ್ಲರಿಗೂ ಕಳಿಸಿ 500 ಪ್ರತಿಗಳ ಮಾಹಿತಿ ಮಾತ್ರ ತೆಗೆದುಕೊಳ್ಳಿ. ಆದರೆ ಆ ಹಕ್ಕೇ ನಮಗೆ ಬೇಕಾಗಿರಲಿಲ್ಲ. 2012ರಲ್ಲಿ ಬಂದ ಅಡೋಬಿ ರೀಡರ್ 11ರಿಂದ ಈಚೆಗೆ ಸಾಮಾನ್ಯ ಪಿಡಿಎಫ್ ಫಾರ್ಮನ್ನು ಯಾರು ಬೇಕಾದರೂ ಪುಕ್ಕಟೆ ತುಂಬಿ ಉಳಿಸಬಹುದು. ಉಳಿಯದೇ ಇದ್ದದ್ದು ಎಕ್ಸ್‌ಎಫ್‌ಎ ಎಂಬ ಹಳೇ ನಮೂನೆಯ ಫಾರ್ಮುಗಳು. ನಮಗೆ ಅಂಟಿಸಿದ್ದು ಅದನ್ನೇ! 2017ರ ಪಿಡಿಎಫ್ 2.0 ಮಾನದಂಡದಲ್ಲಿ ಎಕ್ಸ್‌ಎಫ್‌ಎ ಇನ್ನು ಬೇಡ ಅಂತ ಆಗಿದೆ. ಸದಸ್ಯರ ಮೊಬೈಲಿನಲ್ಲಿ ಫಾರ್ಮಿನ ಬದಲು 'ದಯವಿಟ್ಟು ಕಾಯಿರಿ' ಎಂಬ ಇಂಗ್ಲಿಷ್ ಸಾಲು ಬಂದು ಕೂತಿರುತ್ತಿದ್ದದ್ದೂ ಇದಕ್ಕೇ. ನಿಮ್ಮ ಮೊಬೈಲ್ ಹಳೇದು ಅಂತ ಆ ಹುಬ್ಬಳ್ಳಿಯವನು ಅವರಿಗೆ ಸಮಾಧಾನ ಹೇಳಿಸಿದ್ದನಲ್ಲ, ಅದೂ ನನ್ನ ಬಾಯಿಂದ!

ಇಷ್ಟೆಲ್ಲ ಕೇಳಿದ್ದಕ್ಕೆ ಅವನ ಉತ್ತರ: "ನಮ್ ಕಡೆ ಇರೋ ಸಾಫ್ಟ್‌ವೇರ್ ಅದss ರೀ." ದುಡ್ಡು ವಾಪಸ್ ಕೇಳಿದೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ.

ಬೆಂಗಳೂರಿನ ಅದೇ ಹುಡುಗ ಲಿಬ್ರೆಆಫೀಸ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಹೊಸ ಫಾರ್ಮು ಮಾಡಿಕೊಟ್ಟಿದ್ದಾನೆ, ಪುಕ್ಕಟೆ. ತುಂಬಿದ್ದು ಉಳಿಯುತ್ತದೆ, 500ರ ಕಟ್ಟಳೆ ಇಲ್ಲ. ಸಂಘಕ್ಕೆ ಇಂಥದ್ದು ಮಾಡಿಸುವವರು ಬಾಕಿ ಕೊಡುವ ಮೊದಲು ಸಾದಾ ಮೊಬೈಲೊಂದರಲ್ಲಿ ತುಂಬಿ, ಮುಚ್ಚಿ, ಮತ್ತೆ ತೆರೆದು ನೋಡಿ. ಎಕ್ಸ್‌ಎಫ್‌ಎ ಬೇಡ ಅಂತ ಆರ್ಡರಿನಲ್ಲೇ ಬರೆಸಿ. ತಿದ್ದಲು ಬರುವ ಮೂಲ ಫೈಲನ್ನು ಪಾಸ್‌ವರ್ಡ್ ಇಲ್ಲದೆ ಕೈಗೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಫೋನ್ ನಂಬರು ತಿದ್ದುವುದಕ್ಕೂ ಅವರ ಕಾಲೇ ಹಿಡಿಯಬೇಕು.

ಕುಮಟಾ, ಅಂಕೋಲಾ ಕಡೆಯ ಸಂಘಗಳಿಗೂ ಇಂಥದೇ ಕೊಟೇಶನ್ ಹೋಗಿದೆ ಅಂತ ಕೇಳಿದೆ. ಅದರಲ್ಲಿ 'ಸೇವ್ ಲೈಸೆನ್ಸ್' ಎಂಬ ಸಾಲು ಇದ್ದರೆ ದಯವಿಟ್ಟು ಮುಂಗಡ ಕೊಡಬೇಡಿ.