ಆಳದ ಶೆಲ್ಫ್, ಡ್ರಾಯರ್, ಸ್ಲೈಡಿಂಗ್ ಬಾಗಿಲು: ಬಳಸಿ ನೋಡಿ ಮಾಡಿದ ಹೋಲಿಕೆ

ಕಪಾಟು ಮಾಡಿಸುವವರು ಮೊದಲು ಕೇಳುವುದು ‘ಎಷ್ಟು ಸಾಮಾನು ಹಿಡಿಯುತ್ತೆ?’ ಅಂತ. ಹಲವು ಬಗೆಯವನ್ನು ಬಳಸಿದ ಮೇಲೆ ನಾನು ಕೇಳುವುದು, ತೆಗೆದ ವಸ್ತುವನ್ನು ವಾಪಸ್ ಇಡೋಕೆ ಎಷ್ಟು ಕೆಲಸ ಅಂತ. ಬೇಕಾದಾಗ ಹೇಗಾದರೂ ಹುಡುಕಿ ತೆಗೆಯುತ್ತೇವೆ. ಇಡುವಾಗ ಆ ತುರ್ತು ಇರುವುದಿಲ್ಲ. ಮುಂದಿನ ಡಬ್ಬಿಗಳನ್ನು ಸರಿಸಿ ಹಿಂದಕ್ಕೆ ತಳ್ಳಬೇಕೆಂದರೆ ವಸ್ತು ಮೇಜಿನ ಮೇಲೇ ಉಳಿಯುತ್ತದೆ, ಅದರ ಪಕ್ಕಕ್ಕೆ ಇನ್ನೊಂದು ಬಂದು ಕೂರುತ್ತದೆ.

ಈ ಲೆಕ್ಕದಲ್ಲಿ ಸೊಂಟದಿಂದ ಕೆಳಗಿನ ಜಾಗದಲ್ಲಿ ಡ್ರಾಯರ್‌ಗೆ ಸಮನಾದದ್ದು ಇಲ್ಲ. 60 ಸೆಂ.ಮೀ. ಆಳದ ಶೆಲ್ಫ್‌ನಲ್ಲಿ ಸಾಮಾನು ಎರಡು ಮೂರು ಸಾಲಾಗಿ ನಿಲ್ಲುತ್ತದೆ. ಹಿಂದಿನ ಸಾಲು ನೋಡಬೇಕೆಂದರೆ ಮಂಡಿಯೂರಿ ಬಗ್ಗಬೇಕು. ಡ್ರಾಯರ್ ಎಳೆದರೆ ಎಲ್ಲವೂ ಮೇಲಿನಿಂದ ಕಾಣುತ್ತದೆ. ಆದರೆ ಚಾನಲ್, ಅಂದರೆ ಡ್ರಾಯರ್ ಜಾರುವ ಪಕ್ಕದ ಹಳಿ, ಯಾವುದು ಎಂದು ಕೇಳಿಯೇ ಆರ್ಡರ್ ಕೊಡಿ. ಸಾಧಾರಣ ಚಾನಲ್ ಹಾಕಿದ ಡ್ರಾಯರ್ ಸುಮಾರು ಮುಕ್ಕಾಲು ಭಾಗ ಮಾತ್ರ ಹೊರಗೆ ಬರುತ್ತದೆ, ಉಳಿದ ಕಾಲು ಭಾಗ ಮತ್ತೆ ಆಳದ ಶೆಲ್ಫ್‌ನ ಕಥೆಯೇ. ಡ್ರಾಯರ್ ಪೂರ್ತಿ ಹೊರಗೆ ಬರುವ ಫುಲ್ ಎಕ್ಸ್‌ಟೆನ್ಷನ್ ಚಾನಲ್‌ಗೆ ಕೊಡುವ ಹೆಚ್ಚಿನ ದುಡ್ಡು ವ್ಯರ್ಥವಲ್ಲ.

ಡ್ರಾಯರ್ ಜಾಗ ತಿನ್ನುತ್ತದೆ ಎಂಬ ದೂರು ನಿಜ. ಬಾಲ್ ಬೇರಿಂಗ್ ಚಾನಲ್‌ಗೆ ಎರಡೂ ಬದಿಯಲ್ಲಿ ಅರ್ಧ ಇಂಚು ಬಿಡಬೇಕು; ಪಕ್ಕದ ಹಲಗೆಗಳ ದಪ್ಪ ಸೇರಿದರೆ ಅಗಲದಲ್ಲಿ ಸುಮಾರು 5 ಸೆಂ.ಮೀ. ಹೋಯಿತು. 30 ಸೆಂ.ಮೀ. ಅಗಲದ ಡ್ರಾಯರ್‌ನಲ್ಲಿ ಅದು ಆರನೇ ಒಂದು ಭಾಗ, 90ರಲ್ಲಿ ಗಮನಕ್ಕೇ ಬಾರದು. ಹಾಗಾಗಿ ಕಿರಿದಾದ ಮೂರರ ಬದಲು ಅಗಲದ ಒಂದನ್ನು ಮಾಡಿಸಿ, ಒಳಗೆ ಅಡ್ಡಪಟ್ಟಿ ಹಾಕಿಕೊಳ್ಳುವುದೇ ಲೇಸು. ಎತ್ತರವೂ ಮಿತಿಯಲ್ಲಿರಲಿ: ಬಟ್ಟೆ ಮಡಚಿ ನಿಲ್ಲಿಸಿ ಇಡುವಷ್ಟು, 15 ರಿಂದ 20 ಸೆಂ.ಮೀ. ಇದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಒಂದರ ಮೇಲೊಂದು ಬೀಳುತ್ತವೆ.

ಎದೆಯ ಮಟ್ಟದಿಂದ ಮೇಲೆ ಮಾತ್ರ ನನ್ನ ಮತ ಶೆಲ್ಫ್‌ಗೆ. ಅಷ್ಟು ಎತ್ತರದ ಡ್ರಾಯರ್‌ನೊಳಗೆ ಇಣುಕುವುದೇ ಕಷ್ಟ. ಮಡಚಿದ ಬಟ್ಟೆಗೆ 35–40 ಸೆಂ.ಮೀ. ಆಳ ಸಾಕು, ಹ್ಯಾಂಗರ್ ತೂಗುಹಾಕುವ ಕಡೆಗಷ್ಟೇ 55–60 ಬೇಕು. ಇಡೀ ಗೋಡೆಗೆ ಒಂದೇ ಆಳ ಕೊಡಿಸಿದರೆ ಶೆಲ್ಫ್‌ಗಳ ಹಿಂಭಾಗ ಮರೆತ ಸಾಮಾನಿನ ಗೋದಾಮಾಗುತ್ತದೆ. ಹಲಗೆಯ ಉದ್ದವನ್ನೂ ನೋಡಿಕೊಳ್ಳಿ. ಒಂದೇ ಸಮನಾಗಿ ಭಾರ ಹೊತ್ತ ಹಲಗೆಯ ಉದ್ದ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ಪುಸ್ತಕ ಇಡುವ 90 ಸೆಂ.ಮೀ. ಹಲಗೆಗೆ ನಡುವೆ ಒಂದು ಆಸರೆ ಕೊಡಿಸಿದರೆ ಸಿಗುವ ಬಲ ದಪ್ಪ ಹಲಗೆಯಿಂದಲೂ ಸುಲಭಕ್ಕೆ ಸಿಗದು.

ತೆರೆದ ಶೆಲ್ಫ್‌ನಲ್ಲಿ ವಾಪಸ್ ಇಡುವುದು ಎಲ್ಲಕ್ಕಿಂತ ಸುಲಭ, ಬಾಗಿಲೇ ಇಲ್ಲವಲ್ಲ. ಆದರೆ ಧೂಳೂ ಅಷ್ಟೇ ಸುಲಭವಾಗಿ ಬರುತ್ತದೆ, ಬಣ್ಣಬಣ್ಣದ ಪೊಟ್ಟಣಗಳಿದ್ದರೆ ಒಪ್ಪವಾಗಿ ಜೋಡಿಸಿದ್ದೂ ಕೆದರಿದಂತೆ ಕಾಣುತ್ತದೆ. ದಿನವೂ ಕೈಗೆ ಬೇಕಾದ ನಾಲ್ಕಾರು ವಸ್ತುಗಳಿಗಷ್ಟೇ ಅದನ್ನು ಮೀಸಲಿಡುತ್ತೇನೆ.

ಬಾಗಿಲಿನ ವಿಷಯದಲ್ಲಿ ಹೆಚ್ಚಿನವರು ಸ್ಲೈಡಿಂಗ್‌ಗೆ ಮಾರುಹೋಗುತ್ತಾರೆ. ಮುಂದೆ ಮಂಚ ಒತ್ತಿಕೊಂಡಿದ್ದರೆ ಅದೇ ಸರಿ. ಉಳಿದೆಡೆ ನನಗೆ ಹಿಂಜ್ ಬಾಗಿಲೇ ಇಷ್ಟ. ಎರಡು ಬಾಗಿಲಿನ ಸ್ಲೈಡಿಂಗ್ ಕಪಾಟು ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತದೆ, ಹಳಿ ಹಾಗೂ ಬಾಗಿಲುಗಳು ಒಂದಿಷ್ಟು ಆಳವನ್ನೂ ಕಸಿಯುತ್ತವೆ. ಒಳಗಿನ ಡ್ರಾಯರ್, ಬಾಗಿಲುಗಳು ಒಂದರ ಮೇಲೊಂದು ಬರುವ ನಡುಭಾಗಕ್ಕೆ ತಾಗದಂತೆ ಇರಬೇಕು. ಅದನ್ನು ನಕ್ಷೆಯಲ್ಲೇ ನೋಡಿಕೊಳ್ಳದಿದ್ದರೆ ಡ್ರಾಯರ್ ಹೊರಗೇ ಬರುವುದಿಲ್ಲ. ಹಿಂಜ್ ಬಾಗಿಲಿಗೆ ಮುಂದೆ ಅದರ ಅಗಲದಷ್ಟು ಜಾಗ ಬೇಕು ನಿಜ. ಆದರೆ 45 ಸೆಂ.ಮೀ. ಬಾಗಿಲು ಮಾಡಿಸಿದರೆ ನಾವು ನಿಲ್ಲುವ ಜಾಗದಲ್ಲೇ ಅದು ತಿರುಗುತ್ತದೆ, ಒಳಮೈಗೆ ಕೊಕ್ಕೆ ಹಾಕಿ ಬೆಲ್ಟು, ಚೀಲ ನೇತುಹಾಕಬಹುದು. ನೇತುಹಾಕುವುದಕ್ಕಿಂತ ಚಿಕ್ಕ ಕೆಲಸ ಬೇರೊಂದಿಲ್ಲ, ಅದಕ್ಕೇ ಮಕ್ಕಳೂ ತಮ್ಮ ಚೀಲವನ್ನು ಅಲ್ಲಿಗೇ ತಂದು ಹಾಕುತ್ತಾರೆ.

ಚಾವಣಿಯ ಅಟ್ಟಕ್ಕೆ ವರ್ಷಕ್ಕೊಮ್ಮೆ ಇಳಿಸುವ ಸಾಮಾನು ಸಾಕು. ಏಣಿ ಬೇಕಾಗುವ ಜಾಗಕ್ಕೆ ತಿಂಗಳಿಗೊಮ್ಮೆ ಬೇಕಾಗುವುದನ್ನೂ ಸೇರಿಸಬೇಡಿ.