ರಬ್ಬರ್ ಚೀಲವೋ, ಕರೆಂಟ್ ಚೀಲವೋ: ಬೀದರಿನ ಥಂಡಿಯಲ್ಲಿ ನನ್ನ ಮೂರು ವರ್ಷದ ಪ್ರಯೋಗ

ಮೊದಲೇ ಹೇಳಿಬಿಡುತ್ತೇನೆ, ರಾತ್ರಿ ಕಾಲು ಬೆಚ್ಚಗಿಡಲು ನನ್ನ ಓಟು ಮೆಡಿಕಲ್ ಅಂಗಡಿಯ, ಬಿಸಿನೀರು ತುಂಬುವ ಕೆಂಪು ರಬ್ಬರ್ ಚೀಲಕ್ಕೆ. ಬೆಲೆ 280 ರೂಪಾಯಿ. ಅದಕ್ಕೂ ಮುಂಚೆ ಬೇರೆ ಸಾಮಾನುಗಳಿಗೆ ಸುರಿದದ್ದು ಎರಡು ಸಾವಿರದ ಮೇಲೆ.

ನಮ್ಮ ಕಡೆ ಅಂದರೆ ಬರೀ ಬಿಸಿಲು ಅನ್ನುವವರು ಎಳ್ಳಮಾವಾಸ್ಯೆ ಹೊತ್ತಿಗೆ ಬೀದರಿಗೆ ಬಂದು ನೋಡಬೇಕು. ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಬಾಡಿಗೆ ಮನೆಯ ನೆಲ ಶಹಾಬಾದ್ ಕಲ್ಲಿನ ಫರಸಿ. ಏಪ್ರಿಲ್‌ನಲ್ಲಿ ಅದರ ಮೇಲೆ ಬರಿ ಮೈಯಲ್ಲಿ ಉರುಳಾಡಬಹುದು, ಜನವರಿಯಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಜುಮ್ ಅನ್ನುತ್ತದೆ. ಕೌದಿಯೊಳಗೆ ಒಂದು ತಾಸು ಮಲಗಿದರೂ ನನ್ನ ಪಾದ ಬೆಚ್ಚಗಾಗುವುದಿಲ್ಲ. ನಮ್ಮ ಮನೆಯವರದು ಕಲಬುರಗಿ. ಆ ಊರಿನ ಬಿಸಿಲು ಕುಡಿದು ಬೆಳೆದವರಿಗೆ ಚಳಿ ಜಾಸ್ತಿ ಆಗಬೇಕಿತ್ತು ಅಲ್ವಾ? ಇವರು ಜನವರಿಯಲ್ಲೂ ಫ್ಯಾನ್ ಒಂದರಲ್ಲಿ ಇಟ್ಟೇ ಮಲಗುತ್ತಾರೆ. ನನ್ನ ಕಾಲು ತಪ್ಪಿ ತಾಗಿದರೆ, "ಏ, ಬರ್ಫ್ ಹಚ್ಚಿದಂಗ ಆತು, ಆಕಡಿ ತಗಿ!"

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ 10.2. ಹೆಂಗಸರಿಗೆ 12 ಆದರೂ ಇರಬೇಕು. ಕಬ್ಬಿಣದ ಮಾತ್ರೆ ಕೊಟ್ಟು, ಅದರ ಹಿಂದೆಯೇ ಚಹಾ ಕುಡಿಯಬೇಡಿ ಅಂದರು. ಥಂಡಿಯಲ್ಲಿ ಮೈ ತನ್ನ ಬಿಸಿಯನ್ನು ಒಳಗೇ ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತದಂತೆ. ಬೆರಳು ಬಿಳಿಚಿಕೊಂಡು ಆಮೇಲೆ ನೀಲಿಯಾದರೆ ಮತ್ತೆ ಬರಲು ಹೇಳಿದರು. ನನಗೆ ಹಾಗೆ ಆಗಿಲ್ಲ.

ಮೊದಲ ವರ್ಷ ರೂಮ್ ಹೀಟರ್ ತಂದೆವು. ಒಂದು ಸಾವಿರ ವಾಟ್‌ನಲ್ಲಿಟ್ಟರೂ ತಾಸಿಗೆ ಒಂದು ಯೂನಿಟ್. ಆ ತಿಂಗಳು ಗೃಹಜ್ಯೋತಿಯಲ್ಲಿ ನಮಗಿದ್ದ ಯೂನಿಟ್ ದಾಟಿ ಬಿಲ್ಲು ಬಂತು. ಕೋಣೆ ಬೆಚ್ಚಗಾದದ್ದೇ ನಮ್ಮ ಮನೆಯವರು ದಿಂಬು ಎತ್ತಿಕೊಂಡು ಹಾಲಿಗೆ ಹೋದರು. ಕಾದದ್ದು ಅವರ ತಲೆ, ನನ್ನ ಕಾಲಲ್ಲ.

ಎರಡನೇ ವರ್ಷ ಕರೆಂಟ್ ಚೀಲ, 450 ರೂಪಾಯಿ. ಒಳಗೆ ನೀರು ತುಂಬಿಯೇ ಬರುತ್ತದೆ. ಪ್ಲಗ್ ಹಾಕಿದರೆ ಹತ್ತು ನಿಮಿಷದಲ್ಲಿ ಬಿಸಿ, ತಾನೇ ಆಫ್ ಆಗುತ್ತದೆ. ಕೇಳಲು ಚೆಂದ. ತೊಂದರೆ ಇದ್ದದ್ದು ಅದರ ಪಿನ್ನಿನಲ್ಲಿ.

ವೈರಿನ ತುದಿಯ ಪಿನ್ನು ಚೀಲದ ಬಾಯಲ್ಲಿ ಸಡಿಲ. ಒಂದು ಕೋನದಲ್ಲಿ ಇಟ್ಟರೆ ಕೆಂಪು ದೀಪ ಹತ್ತುತ್ತದೆ, ಒಂದು ಕೂದಲೆಳೆ ಸರಿದರೆ ಇಲ್ಲ. ಕೈಯಲ್ಲಿ ಹಿಡಿದು ಕೂರುವಂತಿಲ್ಲ, ಕರೆಂಟ್ ಹರಿಯುವಾಗ ಮೈಗೆ ತಾಗಿಸಬಾರದು. ಅಡುಗೆಮನೆ ಕಟ್ಟೆಯ ಮೇಲೆ ಚೀಲ ಮಲಗಿಸಿ, ವೈರಿಗೆ ಸಾಸಿವೆ ಡಬ್ಬಿಯ ಭಾರ ಇಟ್ಟು, ಬರಿಗಾಲಲ್ಲಿ ಫರಸಿ ಮೇಲೆ ನಿಂತು ಕಾಯುತ್ತಿದ್ದೆ. ಕಾಲು ಬೆಚ್ಚಗಾಗಲಿ ಅಂತ ತಂದ ಸಾಮಾನಿಗೆ ಕಾಲು ಸೆಡೆಸಿಕೊಂಡು ಪಹರೆ!

ಸಿಟ್ಟು ಬರುವ ವಿಷಯ ಇನ್ನೊಂದಿದೆ. ಬಿಸಿಯಾದ ಮೇಲೂ ದೀಪ ಆರುತ್ತದೆ, ಪಿನ್ನು ಸರಿದರೂ ಆರುತ್ತದೆ. ಯಾವುದಕ್ಕೆ ಆರಿತು ಅಂತ ತಿಳಿಯಬೇಕಾದರೆ ಎದ್ದು ಹೋಗಿ ಮುಟ್ಟಲೇಬೇಕು. ಎಷ್ಟೋ ರಾತ್ರಿ ದೀಪ ಆರಿದೆ ಅಂತ ಖುಷಿಯಲ್ಲಿ ತಂದು ಕಾಲಿಗಿಟ್ಟುಕೊಂಡರೆ, ಅದು ನನ್ನ ಕಾಲಿಗಿಂತ ತಣ್ಣಗಿರುತ್ತಿತ್ತು. ಅಂಗಡಿಗೆ ಒಯ್ದೆ. "ಕರೆಂಟ್ ಸಾಮಾನಿಗಿ ಗ್ಯಾರಂಟಿ ಇಲ್ರೀ ಅಕ್ಕಾ" ಅಂದ. ಫೆಬ್ರವರಿಯಲ್ಲಿ ಪಿನ್ನಿನ ಹತ್ತಿರ ಚೀಲ ಉಬ್ಬಿಕೊಂಡಿತು. ಹೆದರಿ ಎಸೆದೆ.

ರಬ್ಬರ್ ಚೀಲಕ್ಕೆ ಬೇಕಾದದ್ದು ಒಲೆ ಮತ್ತು ಒಂದು ತಂಬಿಗೆ ನೀರು, ಅಷ್ಟೇ. ಕರೆಂಟ್ ಹೋದರೂ ಚಿಂತೆ ಇಲ್ಲ. ಕುದಿಯುವ ನೀರು ಸುರಿಯಬಾರದು, ಕೆಳಗಿಳಿಸಿ ಸ್ವಲ್ಪ ಆರಿಸಬೇಕು. ಮುಕ್ಕಾಲಿಗಿಂತ ಕಡಿಮೆ ತುಂಬಿ, ಹೊಟ್ಟೆ ಒತ್ತಿ ಗಾಳಿ ತೆಗೆದು, ಬಿರಡೆ ಬಿಗಿದು, ಸಿಂಕಿನ ಮೇಲೆ ತಲೆಕೆಳಗೆ ಹಿಡಿದು ನೋಡುತ್ತೇನೆ. ಹಳೇ ಲುಂಗಿಯ ತುಂಡಿನಲ್ಲಿ ಸುತ್ತಿ, ಮಲಗುವ ಕಾಲು ತಾಸು ಮುಂಚೆ ಕೌದಿಯೊಳಗೆ ನನ್ನ ಬದಿಗೆ ತಳ್ಳಿಬಿಡುತ್ತೇನೆ. ಬೆಚ್ಚಗಾಗುವುದು ಆ ಒಂದು ಮೊಳ ಜಾಗ. ಅತ್ತ ಫ್ಯಾನ್ ತಿರುಗುತ್ತಿರಲಿ, ನನಗೇನು?

ರಬ್ಬರಿನ ವಾಸನೆ ಒಂದು ವಾರ ಇರುತ್ತದೆ. ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟರೆ ಹೊಸದು ತರಬೇಕು.

ಉಣ್ಣೆ ಸಾಕ್ಸ್ ಹಗಲಿಗೆ ಚೆನ್ನ. ಆದರೆ ಮೊದಲೇ ತಣ್ಣಗಿರುವ ಕಾಲಿಗೆ ಹಾಕಿದರೆ ಆ ಥಂಡಿಯನ್ನೇ ಕಾಪಾಡುತ್ತದೆ. ನಮ್ಮತ್ತೆಗೆ ಮಾತ್ರ ಸಾಕ್ಸೇ. ಅವರಿಗೆ ಶುಗರ್ ಇದೆ, ಪಾದದಲ್ಲಿ ಜೋಮು, ಚೀಲ ಸುಟ್ಟರೂ ಗೊತ್ತಾಗುವುದಿಲ್ಲ. ಒಮ್ಮೆ ನನ್ನ ಚೀಲ ಕೇಳಿದರು, ಕೊಡಲಿಲ್ಲ. "ಇಷ್ಟ್ ಸಣ್ಣದಕ್ಕ ಜೀವಾ ಹಿಡೀತಿಯಲ್ಲವಾ" ಅಂತ ಎರಡು ದಿನ ಮಾತು ಬಿಟ್ಟಿದ್ದರು.

ಬೆಳಗ್ಗೆ ಆರಕ್ಕೂ ಚೀಲದ ನೀರು ಉಗುರುಬೆಚ್ಚಗಿರುತ್ತದೆ. ಅದನ್ನು ಸಿಂಕಿಗೆ ಬಗ್ಗಿಸಿ ರಾತ್ರಿಯ ಮುಸುರೆ ನೆನೆಹಾಕುತ್ತೇನೆ. ನಳದ ನೀರಿಗೆ ಕೈ ಹಾಕುವ ಮುಂಚೆ ಬೆರಳಿಗೆ ಎರಡು ನಿಮಿಷ ಆರಾಮ.