ಟೀಚರ್‌ಗೆ ಐದು ಸ್ಟಾರ್, ಆಫೀಸಿಗೆ ಎರಡೇ

ಮಗಳು ಮೂರನೇ ಕ್ಲಾಸು, ಕಲಬುರಗಿಯದೇ ಒಂದು ಖಾಸಗಿ ಶಾಲೆ. ಪಾಠದ ಬಗ್ಗೆ ಎಲ್ಲರೂ ಬರೀತಾರೆ, ನಾನು ಪೋಷಕರು ಏನಾದರೂ ಕೇಳಿದರೆ ಹೇಗೆ ಸ್ಪಂದಿಸುತ್ತಾರೆ ಅನ್ನೋದನ್ನಷ್ಟೇ ಬರೆಯುತ್ತೇನೆ.

ಕ್ಲಾಸ್ ಟೀಚರ್ ಬಹಳ ಚಲೋ. ಮಗು ಲೆಕ್ಕದಲ್ಲಿ ಹಿಂದೆ ಬೀಳ್ತಿದೆ ಅಂತ ಡೈರಿಯಲ್ಲಿ ಎರಡು ಸಾಲು ಬರೆದು ಕಳಿಸಿದ್ದೆ, ಮರುದಿನವೇ ಕೆಂಪು ಇಂಕಿನಲ್ಲಿ ಉತ್ತರ, ಶಾಲೆ ಬಿಟ್ಟ ಮೇಲೆ ಬನ್ನಿ ಅಂತ. ಹೋದೆ. ನೋಟ್‌ಬುಕ್ ತೆರೆದು, ಕಳೆಯುವಾಗ ಪಕ್ಕದ ಅಂಕಿಯಿಂದ ಸಾಲ ತರೋದನ್ನು ಎಲ್ಲೆಲ್ಲಿ ಮರೆತಿದ್ದಾಳೆ ಅಂತ ಬೆರಳಿಟ್ಟು ತೋರಿಸಿದರು.

ಆಫೀಸ್ ಹಾಗಲ್ಲ. ಮಾರ್ಚ್ ತಿಂಗಳು, ನಮ್ಮೂರ ಬಿಸಿಲು ಗೊತ್ತಲ್ವಾ, ಕುಡಿಯೋ ನೀರಿನ ಫಿಲ್ಟರ್ ಕೆಟ್ಟಿದೆ ಅಂದರೆ ‘ನೋಡ್ತೀವಿ’ ಅಷ್ಟೇ. ಮುಖ್ಯ ಶಿಕ್ಷಕರ ಹೆಸರಿಗೆ ದಿನಾಂಕ ಹಾಕಿ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡ ಮೇಲೆಯೇ ರಿಪೇರಿ ಆಯಿತು. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿಗೂ ಕೆಲಸ ಆಗದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಇದೆ, ಅದರ ಮೇಲೆ ಡಿಡಿಪಿಐ, ಅಂದರೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು. ಮಗುವಿಗೆ ಹೊಡೆದಿದ್ದಾರೆ ಅಂದರೆ ಮಾತ್ರ ಕಾಯಲೇಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ, 1098 ಮಕ್ಕಳ ಸಹಾಯವಾಣಿಗೂ ಫೋನ್ ಮಾಡಬಹುದು.

ಮುಂದಿನ ವರ್ಷವೂ ಮಗಳು ಇಲ್ಲೇ ಓದುತ್ತಾಳೆ, ಅದು ಆ ಟೀಚರ್ ಇರೋದಕ್ಕೆ.